ಕಣಗಲಾದ ಗೇಟಿಗೆ ಕಂಬಳಿ ಒಯ್ದವರು

ನಮ್ಮವರ ಹೆಸರು ಮಾಲಿಂಗಪ್ಪ. ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಆ ಹೆಸರನ್ನು ನಾನು ಬಾಯಿಂದ ಹೇಳಿರಲಿಲ್ಲ. ಹೇಳುವುದು ನಮ್ಮಲ್ಲಿ ರೂಢಿಯಿಲ್ಲ. ಹುಕ್ಕೇರಿಯ ದವಾಖಾನೆಯಲ್ಲಿ ನರ್ಸು “ಪೇಶಂಟ್ ಹೆಸರು ಹೇಳ್ರಿ” ಎಂದು ಕೇಳಿದಾಗ ಮೊದಲ ಸಲ ಹೇಳಿದೆ. ಮರುದಿನ ಅವರು ತೀರಿಕೊಂಡರು. ಆಮೇಲೆ ಹೇಳುವುದು ಕಷ್ಟವಾಗಲಿಲ್ಲ. ಓಗೊಡುವವರು ಇರಲಿಲ್ಲ.

ಅವರು ಮಸಗುಪ್ಪಿಯವರು. ಅಜ್ಜ ಕುರಿ ಕಾಯುತ್ತಿದ್ದ, ಅಪ್ಪ ಕುರಿ ಕಾಯುತ್ತಿದ್ದ, ಇವರೂ ಕಾಯ್ದರು. ಗಿಡ್ಡ ಆಳು. ಮಾತು ಕಡಿಮೆ, ಹಟ ಹೆಚ್ಚು. ತಮ್ಮ ಉದ್ದಪ್ಪನ ಜೊತೆ ದಿನಕ್ಕೊಂದು ಜಗಳ. ಜಗಳ ಎಷ್ಟೇ ಇದ್ದರೂ ಇಬ್ಬರ ಹಿಂಡೂ ಅಕ್ಕಪಕ್ಕವೇ ಮೇಯುತ್ತಿದ್ದವು. ತಂಬಾಕು ಬಿಡಿಸಲು ಹೋಗಿ ನಾನು ಸೋತೆ. ಸೂರಿನ ಕೆಳಗೆ ಮಲಗಿದರೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದರು. ಊರಿಗೆ ಬಂದರೂ ಹಾಸಿಗೆ ಹೊರಗಿನ ಕಟ್ಟೆಯ ಮೇಲೇ.

ನಮ್ಮ ಬದುಕು ಹೀಗೆ. ಮಳೆಗಾಲ ಊರಲ್ಲಿ. ದೀಪಾವಳಿ ದಾಟಿ ಹೊಲ ಖಾಲಿಯಾದ ಮೇಲೆ ಹಿಂಡು ಹೊಡೆದುಕೊಂಡು ಪಡುವಣಕ್ಕೆ. ಹುಕ್ಕೇರಿ ಕಡೆಯ ರೈತರು ಹೊಲದಲ್ಲಿ ಕುರಿ ಕೂಡ್ರಿಸಿಕೊಳ್ಳುತ್ತಾರೆ. ಸುತ್ತ ಬಲೆ ಕಟ್ಟಿ ಕುರಿ ಮಲಗಿಸಿದರೆ ಹೊಲಕ್ಕೆ ಗೊಬ್ಬರ, ನಮಗೆ ಕಾಳು. ಒಂದು ಹೊಲ ಆದ ಮೇಲೆ ಇನ್ನೊಂದು. ಮೋಡ ಕಟ್ಟುವ ಮೊದಲು ಮತ್ತೆ ಊರ ದಾರಿ. ಪಡುವಣದ ಮಳೆ ದೊಡ್ಡದು, ಕುರಿಗೆ ಕೆಸರು ಆಗುವುದಿಲ್ಲ.

ಮದುವೆಯಾದ ಹೊಸದರಲ್ಲಿ ನಾನೂ ಹಿಂಡಿನ ಜೊತೆ ಹೋಗುತ್ತಿದ್ದೆ. ಮಗಳು ನಾಗರತ್ನಾ ಹುಟ್ಟಿದ್ದು ಊರಲ್ಲಿ, ನಡೆಯಲು ಕಲಿತದ್ದು ಹೊಲದಲ್ಲಿ. ಅವಳೊಬ್ಬಳೇ ನಮಗೆ. ಅವಳನ್ನು ಶಾಲೆಗೆ ಹಾಕುವ ವಯಸ್ಸಾಯಿತು.

“ಇಕಿ ಸಾಲಿ ಕಲೀಲಿ. ನೀ ಊರಾಗ ನಿಲ್ಲು” ಅಂದರು ನಮ್ಮವರು.

“ನಿಮಗ ರೊಟ್ಟಿ ಯಾರು ಬಡೀತಾರ?”

“ನನಗ ಕೈ ಇಲ್ಲೇನ?”

ಅಷ್ಟೇ ಮಾತು. ಅಷ್ಟು ಮಾತಿಗೆ ನಮ್ಮ ಹತ್ತು ವರ್ಷ ಹೋದವು. ಅವರು ಹೊಲದಲ್ಲಿ ಒಬ್ಬರೇ ಉಂಡರು. ನಾನು ಮಸಗುಪ್ಪಿಯಲ್ಲಿ ಮಗಳಿಗೆ ಉಣ್ಣಿಸಿ ಉಂಡೆ. ಗಂಡ ಹೆಂಡತಿ ಎನ್ನಲು ಮಳೆಗಾಲ ಒಂದೇ. ಮಳೆ ಬಂದರೆ ಜನ ಬೆಳೆ ನೋಡುತ್ತಾರೆ, ನಾನು ದಾರಿ ನೋಡುತ್ತಿದ್ದೆ. ಬಂದವರು ಬಾಗಿಲಲ್ಲಿ ನಿಂತು ಕರೆಯುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಬೀಗರ ಮನೆಗೆ ಬಂದ ಹಾಗೆ.

ಮಗಳು ಹತ್ತನೆಯದು ಪಾಸಾದಳು. ಗೋಕಾಕದ ಐಟಿಐಗೆ ಹೋಗುತ್ತೇನೆ, ಫಿಟ್ಟರ್ ಕಲಿಯುತ್ತೇನೆ ಎಂದಳು. ಯಂತ್ರದ ಭಾಗ ಬಿಚ್ಚುವುದು, ಜೋಡಿಸುವುದು. ಊರಲ್ಲಿ ನಕ್ಕರು.

“ಹೆಣ್ಣ ಹುಡುಗಿ ನಟ್ಟು ಬಿಚ್ಚೂ ಪಾನಾ ಹಿಡೀತಾಳಂತ” ಎಂದು ಉದ್ದಪ್ಪ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಅಂದ.

“ನಿನ್ನ ಗಾಡಿ ಕೆಟ್ಟು ನಿಂತಾಗ ಅಕಿ ಕಾಲಿಗೆ ಬೀಳ್ತಿ, ತಡಿ” ಅಂದರು ನಮ್ಮವರು.

ಐಟಿಐ ಶುರುವಾದ ಹೊಸದರಲ್ಲಿ ತಂದೆ ತಾಯಿಯರನ್ನು ಕರೆಸಿದ್ದರು. ಮಳೆಗಾಲ, ಅವರು ಊರಲ್ಲೇ ಇದ್ದರು. ಇಬ್ಬರೂ ಹೋದೆವು. ಕಲಿಸುವವರು ಗುರುಲಿಂಗಪ್ಪ ಸರ್. ಅವರು ತಿಳಿಯುವ ಹಾಗೆ ಹೇಳಿದರು. ಎರಡು ವರ್ಷದ ಕೋರ್ಸು. ಮೊದಲು ಇಲ್ಲೇ ಪಾಠ, ಇಲ್ಲೇ ವರ್ಕ್‌ಶಾಪು. ಎರಡನೆಯ ವರ್ಷ ಸಂಕ್ರಾಂತಿಯಿಂದ ಜುಲೈ ತನಕ ಹೊರಗಿನ ಕಾರ್ಖಾನೆಯಲ್ಲಿ, ಪಗಾರದ ಕೆಲಸಗಾರರ ಬಾಜೂ ನಿಂತು ಕಲಿಯುವುದು. ತಿರುಗಿ ಬಂದು ಪರೀಕ್ಷೆ. ಕಾರ್ಖಾನೆಯ ತಿಂಗಳುಗಳು ಪೂರ್ತಿ ಆಗದಿದ್ದರೆ ಪರೀಕ್ಷೆಗೆ ಕೂಡ್ರಿಸುವುದಿಲ್ಲ, ಸರ್ಟಿಫಿಕೇಟ್ ಇಲ್ಲ.

ಉಳಿದವರು ಬಸ್ ಪಾಸಿನ ಮಾತು ಕೇಳಿದರು, ಊಟದ ಮಾತು ಕೇಳಿದರು. ನಮ್ಮವರು ಎದ್ದು ನಿಂತರು.

“ಒಂದಿಷ್ಟು ದಿನ ಊರಾಗ, ಉಳಿದದ್ದು ಹೊರಗ. ನಮ್ಮ ಕುರಿಯಂಗ ಐತಲ್ರಿ ಸರ್.”

ಸರ್ ನಕ್ಕರು. “ಹಂಗ ತಿಳ್ಕೋರಿ ಕಾಕಾ.”

“ಅಲ್ಲಿ ಯಾರ ಕೈಯಾಗ ಇರ್ತಾಳ್ರಿ?”

“ಅಲ್ಲೊಬ್ರು ಸೂಪರ್‌ವೈಸರ್ ಇರ್ತಾರ. ಅವರ ಕೈಯಾಗ.”

“ಆತ್ರಿ” ಎಂದು ಕೂತರು.

ಮೊದಲ ವರ್ಷ ಅವಳು ಗೋಕಾಕಕ್ಕೆ ಬಸ್ಸಿಗೆ ಹೋಗಿ ಬರುತ್ತಿದ್ದಳು. ಬೆರಳ ಸಂದಿಯಲ್ಲಿ ಕಬ್ಬಿಣದ ಪುಡಿ. ಸುರುವಿನ ತಿಂಗಳುಗಳಲ್ಲಿ ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿದ್ದೇ ಉಜ್ಜಿದ್ದು. ನಾಲ್ಕೂ ಮಗ್ಗಲು ಸಮ ಬರಬೇಕಂತೆ. ಒಂದು ಸಂಜೆ ಮನೆಗೆ ತಂದು ಅಪ್ಪನಿಗೆ ತೋರಿಸಿದಳು.

“ಇಷ್ಟು ಉಜ್ಜಾಕ ಸಾಲಿ ಬೇಕೇನವ್ವಾ? ನಮ್ಮ ಮನ್ಯಾಗ ತಿಕ್ಕಾಕ ಭಾಂಡೆ ಇದ್ದುವಲ್ಲ” ಅಂದರು. ಅವಳು ಮೂತಿ ತಿರುವಿದಳು. ಅವರು ಆ ತುಂಡನ್ನು ಹೆಬ್ಬೆರಳಿಂದ ಸವರುತ್ತ ಬಹಳ ಹೊತ್ತು ಕೂತಿದ್ದರು.

ಎರಡನೆಯ ವರ್ಷ ಅವಳಿಗೆ ಕಣಗಲಾ ಬಂತು. ಹೆದ್ದಾರಿಯ ಬಾಜೂ ಒಂದು ಕಾರ್ಖಾನೆ, ನೀರಿನ ಪಂಪಿನ ಭಾಗ ಮಾಡುತ್ತಾರೆ. ಮಸಗುಪ್ಪಿಯಿಂದ ದಿನಾ ಹೋಗಿ ಬರುವ ದಾರಿಯಲ್ಲ. ಗೌರಕ್ಕ ಎನ್ನುವವರ ಮನೆಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಖೋಲಿ ಹಿಡಿದಳು. ಅವಳನ್ನು ಬಿಟ್ಟು ಬಂದು ನಾನು ಖಾಲಿ ಮನೆಯಲ್ಲಿ ಕೂತಿದ್ದೆ. ನಮ್ಮವರ ಫೋನು ಬಂತು. ಆಗಲೇ ಅವರು ಹಿಂಡು ತೆಗೆದುಕೊಂಡು ಹುಕ್ಕೇರಿ ಕಡೆ ಇದ್ದರು.

“ಮನಿಗೆ ಕೀಲಿ ಹಾಕು. ಹೊಸಾ ಕಂಬಳಿ ತಗೊಂಡು ಬಾ.”

ಹೋದೆ. ಹುಕ್ಕೇರಿ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದರು. ಅಂಗಿ ತೊಳೆದು ಹಾಕಿಕೊಂಡಿದ್ದರು.

“ಏನ್ರಿ, ಮದಿಮಗ ಆಗೀರಿ?” ಅಂದೆ.

“ಮದಿಮಗಳು ಮುದುಕಿ ಆಗ್ಯಾಳ, ಏನ್ ಮಾಡೂದು” ಅಂದರು. ನನ್ನ ಗಂಟು ಇಸಿದುಕೊಂಡು ಮುಂದೆ ನಡೆದರು.

ಕಂಬಳಿ ಯಾಕೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ನಮ್ಮಲ್ಲಿ ಮಗನನ್ನು ಇನ್ನೊಬ್ಬರ ಹಿಂಡಿನಲ್ಲಿ ಕೆಲಸ ಕಲಿಯಲು ಬಿಡುವಾಗ ಅಪ್ಪ ಹೋಗಿ ಆ ಹಿಂಡಿನ ಧಣಿಯ ಹೆಗಲಿಗೆ ಹೊಸ ಕಂಬಳಿ ಹೊದಿಸುತ್ತಾನೆ. ಒಂದು ಟಗರು ಮರಿಯನ್ನು ಅವನ ಹಿಂಡಿಗೆ ಬಿಡುತ್ತಾನೆ. ಧಣಿ ಕಂಬಳಿ ಹೊದ್ದುಕೊಂಡರೆ ಹುಡುಗ ಅವನ ಕೈಗೆ ಬಂದ ಹಾಗೆ. ಮುಂದೆ ಜ್ವರ ಬಂದರೂ ಹಾವು ಮುಟ್ಟಿದರೂ ಧಣಿಯೇ ನೋಡಬೇಕು. ಅಪ್ಪ ನಿಶ್ಚಿಂತೆಯಿಂದ ತನ್ನ ದಾರಿ ಹಿಡಿಯುತ್ತಾನೆ. ಕಂಬಳಿ ಹೊದಿಸುವ ತನಕ ಅಪ್ಪ ಆ ಜಾಗ ಬಿಡುವ ಹಾಗಿಲ್ಲ.

ಹಿಂಡನ್ನು ಕಣಗಲಾಕ್ಕೆ ತಂದೆವು. ಕಾರ್ಖಾನೆಯ ಗೇಟಿಗೆ ಹೋದೆವು. ಅವರ ಹೆಗಲ ಮೇಲೆ ಕಂಬಳಿ, ಬಗಲಲ್ಲಿ ಟಗರು ಮರಿ. ನಾನು ಹಿಂದೆ.

ವಾಚ್‌ಮನ್ ಎದ್ದ. “ಎಲ್ಲಿಗಿ?”

“ಸೂಪರ್‌ವೈಸರ್ ಸಾಹೇಬರನ್ನ ಕಾಣಬೇಕಿತ್ತು.”

“ಇಬ್ಬರೂ ಏನ?” ಎಂದು ಮರಿಯ ಕಡೆ ಬೆರಳು ಮಾಡಿದ.

“ಹೌದ್ರಿ.”

“ಇದರ ಆಧಾರ್ ಕಾರ್ಡ್ ತೋರಸ್ರಿ ಮದ್ಲ.”

ನನಗೂ ನಗು ಬಂತು. ನಮ್ಮವರಿಗೆ ಬರಲಿಲ್ಲ. ಊಟದ ಹೊತ್ತು. ಕಲಿಯುವ ಹುಡುಗರು ಹುಡುಗಿಯರು ನಳದ ಹತ್ತಿರ ಕೈ ತೊಳೆಯುತ್ತಿದ್ದರು. ಸೂಪರ್‌ವೈಸರ್ ಅಪ್ಪಣ್ಣ ಹೊರಗೆ ಬಂದ. ಕನ್ನಡಕದ ಮನುಷ್ಯ, ಅವಸರದವನು. ನಮ್ಮವರು ಮಾತೇ ಆಡದೆ ಕಂಬಳಿ ಬಿಚ್ಚಿ ಅವನ ಹೆಗಲಿಗೆ ಹಾಕಲು ಹೋದರು. ಅವನು ಹಿಂದೆ ಸರಿದ.

“ಏ ಏ, ಏನ್ರಿ ಇದು? ಕ್ಯಾಮರಾ ಐತಿ ಇಲ್ಲಿ. ನನ್ನ ನೌಕರಿ ಕಳೀತೀರೇನು?”

“ಪೋರಿನ ನಿಮ್ಮ ಕೈಯಾಗ ಕೊಡಾಕ ಬಂದೇನ್ರಿ.”

“ಪೋರಿನ ಐಟಿಐದವರು ಕಳಿಸ್ಯಾರ. ನಿಮ್ಮ ಕಡಿಂದ ಏನೂ ಬ್ಯಾಡ. ಹಿಂಗ ತಂದು ಕೊಟ್ರ ಲಂಚ ಅಂತಾರ. ಒಯ್ರಿ, ಒಯ್ರಿ.”

ನಳದ ಹತ್ತಿರ ಹುಡುಗರು ನಕ್ಕರು. ಒಬ್ಬ ಕುರಿಯ ಹಾಗೆ ಕೂಗಿದ. ನಾಗರತ್ನಾ ನಮ್ಮ ಕಡೆ ಬೆನ್ನು ಮಾಡಿ ಕೈ ತೊಳೆಯುತ್ತಿದ್ದಳು. ತೊಳೆಯುತ್ತಲೇ ಇದ್ದಳು.

ಅಪ್ಪಣ್ಣನದು ತಪ್ಪಿಲ್ಲ. ಅವನ ಪದ್ಧತಿ ಅವನಿಗೆ. ನಮ್ಮವರದೂ ತಪ್ಪಿಲ್ಲ.

ಬರುವಾಗ ದಾರಿಯಲ್ಲಿ “ಟಗರಿಗೆ ಅಡ್ಮಿಷನ್ ಸಿಗಲಿಲ್ಲ ನೋಡ್ರಿ” ಅಂದೆ. ಅವರು ಮರಿಯನ್ನು ಬಗಲು ಬದಲಿಸಿ ಹಿಡಿದರು.

ಸಂಜೆ ಮಗಳು ಹೊಲಕ್ಕೆ ಬಂದಳು. ಮುಖ ಊದಿತ್ತು.

“ಯಪ್ಪಾ, ಇನ್ನ ಗೇಟಿಗೆ ಬರಬ್ಯಾಡ.”

“ಆತು.”

“ಎಲ್ಲಾರೂ ನನ್ನ ಕುರಿ ಅನ್ನಾಕತ್ತಾರ.”

“ಅನ್ನಲಿ. ಕುರಿ ಏನ್ ಕೆಟ್ಟದ್ದ?”

ಅಳುವವಳು ನಕ್ಕಳು. “ನೀ ಮುಂದಿನ ಊರಿಗೆ ಹೋಗು ಯಪ್ಪಾ. ನಾ ಇರ್ತೇನಿ.”

“ಹೆಂಗ ಹೋಗಲಿ? ನೀ ಯಾರ ಕೈಯಾಗೂ ಇಲ್ಲ.”

ನಗೆಮಾತು ಎಂದು ನಾವಿಬ್ಬರೂ ತಿಳಿದೆವು. ಅದು ನಗೆಮಾತಲ್ಲ. ಅವರು ಕಣಗಲಾ ಬಿಟ್ಟು ಕದಲಲಿಲ್ಲ. ಈ ಹೊಲದಿಂದ ಆ ಹೊಲ, ಆ ಹೊಲದಿಂದ ಮತ್ತೆ ಈ ಕಡೆಯ ಹೊಲ. ಕಾರ್ಖಾನೆಯ ತಗಡು ಕಾಣುವಷ್ಟು ದೂರ. ಗೇಟಿಗೆ ಮಾತ್ರ ಮತ್ತೆ ಹೋಗಲಿಲ್ಲ.

ಆ ಬೇಸಿಗೆ ನಾವಿಬ್ಬರೂ ಕೂಡಿ ಇದ್ದೆವು. ಹತ್ತು ವರ್ಷದ ಮೇಲೆ. ಹೆದ್ದಾರಿಯ ಲಾರಿಗಳ ಸದ್ದು, ಧೂಳು, ಬಿಸಿಲು. ಆದರೂ ಚೆನ್ನಾಗಿತ್ತು. ನಾನು ರೊಟ್ಟಿ ಬಡಿದರೆ ಅವರು ಎದುರು ಕೂತು ನೋಡುತ್ತಿದ್ದರು. “ನಂದು ಇಷ್ಟು ತೆಳ್ಳಗ ಬರ್ತಿರಲಿಲ್ಲ” ಅನ್ನುತ್ತಿದ್ದರು. ಅವರಿಗೆ ಎಡಕಿವಿ ಸರಿಯಾಗಿ ಕೇಳುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಯಾವಾಗಿನಿಂದ ಎಂದು ಕೇಳಿದೆ. ಐದಾರು ವರ್ಷ ಆಗಿರಬೇಕು ಅಂದರು.

ರವಿವಾರ ಮಗಳು ಬರುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿಸಿಕೊಂಡು ಕಾರ್ಖಾನೆಯ ಸುದ್ದಿ ಹೇಳುವಳು. ಮೊದಲು ಕಸ ಗುಡಿಸಲು ಹಚ್ಚಿದರು, ಆಮೇಲೆ ನಟ್ಟು ಬೋಲ್ಟು ಆರಿಸಲು, ಈಗ ಪಂಪಿನ ಒಳಗೆ ಬೇರಿಂಗ್ ಕೂಡ್ರಿಸಲು ಬಿಟ್ಟಿದ್ದಾರೆ. ತರಗತಿಯಲ್ಲಿ ಬೋರ್ಡಿನ ಮೇಲೆ ನೋಡಿದ್ದು ಇಲ್ಲಿ ಕೈಗೆ ಸಿಗುತ್ತದೆ. ಕುರಿ ಎನ್ನುವುದನ್ನು ಹುಡುಗರು ಬಿಟ್ಟಿದ್ದರು. ಅಪ್ಪಣ್ಣ ಸಾಹೇಬರು ಬೈಯುತ್ತಾರೆ, ಆದರೆ ಕಲಿಸುತ್ತಾರೆ ಎಂದಳು. ನಮ್ಮವರು ಬಲಗಿವಿ ಅವಳ ಕಡೆ ಮಾಡಿ ಕೇಳುತ್ತಿದ್ದರು.

ಮೇ ಕೊನೆಗೆ ಮೋಡ ಬಂತು. ಬಾಜೂ ಹೊಲದಲ್ಲಿದ್ದ ಉದ್ದಪ್ಪ ಬಲೆ ಸುತ್ತಿದ.

“ನಡಿ ಅಣ್ಣಾ, ಮ್ಯಾಲ ನೋಡು.”

“ನೀ ನಡಿ.”

“ಕುರಿ ಸಾಯ್ತಾವ.”

“ಸಾಯ್ಲಿ.”

ಕುರಿಕಾರನ ಬಾಯಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಉದ್ದಪ್ಪನೂ ಕೇಳಿರಲಿಲ್ಲ. ಜಗಳ ಮಾಡದೆ ಹೋದ. ಅವನು ಜಗಳ ಮಾಡದ್ದು ನೋಡಿ ನನಗೆ ಹೆದರಿಕೆಯಾಯಿತು.

“ಫೋನ್ ಐತಿ. ಗೌರಕ್ಕ ಅದಾಳ. ಊರಿಗೆ ನಡೀರಿ” ಅಂದೆ.

“ಗೌರಕ್ಕ ಬಾಡಿಗಿ ಮನಿಯಾಕಿ. ಅಲ್ಲಿ ಯಂತ್ರ ಅದಾವ. ಕೈ ಸಿಕ್ಕೊಂಡ್ರ ಯಾರು ಓಡಿ ಬರ್ತಾರ? ಯಾರ್ ಹೂಂ ಅಂದಾರ?”

ಅವರ ಮನಸ್ಸಿನಲ್ಲಿ ಇದ್ದದ್ದು ಇದು. ನಾನು ಮತ್ತೆ ಹೇಳಿದೆ, ಮತ್ತೆ ಮತ್ತೆ ಹೇಳಿದೆ. ಕಿವುಡು ಕಿವಿ ನನ್ನ ಕಡೆ ಮಾಡಿದರು.

ಜೂನಿನಲ್ಲಿ ಮಳೆ ಹಿಡಿಯಿತು. ಹೊಲವೆಲ್ಲ ರಾಡಿ. ಕುರಿಗಳ ಗೊರಸು ಕೊಳೆತವು. ಕೆಲವು ಸತ್ತವು. ಇದ್ದ ಒಂದು ತಾಡಪತ್ರಿಯನ್ನು ನನಗೆ, ಮರಿಗಳಿಗೆ ಕಟ್ಟಿ, ತಾವು ಹೊರಗೆ ನೆನೆದರು. ಕೆಮ್ಮು ಬಂತು. ಮೊದಲು ಬಾಗಿಲಲ್ಲಿ ಕೆಮ್ಮುತ್ತಿದ್ದರಲ್ಲ, ಅಂಥ ಕೆಮ್ಮಲ್ಲ. ದವಾಖಾನೆಗೆ ಹೋಗೋಣ ಎಂದರೆ ಕುರಿ ಯಾರು ನೋಡುತ್ತಾರೆ ಎನ್ನುವರು. ರವಿವಾರ ಮಗಳು ಬಂದು ಮೈ ಮುಟ್ಟಿ ನೋಡಿದಳು.

“ಯಪ್ಪಾ, ಮೈ ಸುಡಾಕತ್ತೈತಿ!”

ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಹುಕ್ಕೇರಿಗೆ ಒಯ್ದೆವು. ಎದೆಯಲ್ಲಿ ನೀರು ತುಂಬಿದೆ, ತಡವಾಗಿದೆ ಎಂದರು ಡಾಕ್ಟರು. ಮರುದಿನ ಬೆಳಗ್ಗೆ ಕಣ್ಣು ಬಿಟ್ಟರು. “ಕುರಿ ನೋಡು” ಅಂದರು. ನನಗೆ ಹೇಳಿದರೋ ಮಗಳಿಗೆ ಹೇಳಿದರೋ ತಿಳಿಯಲಿಲ್ಲ. ಇಬ್ಬರೂ ಹೂಂ ಅಂದೆವು.

ಮಸಗುಪ್ಪಿಯಲ್ಲಿ ಮಣ್ಣು ಮಾಡಿದೆವು. ಉದ್ದಪ್ಪ ಹೋಗಿ ಉಳಿದ ಕುರಿಗಳನ್ನು ಹೊಡೆದುಕೊಂಡು ಬಂದ. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಗುರುಲಿಂಗಪ್ಪ ಸರ್ ಫೋನು ಮಾಡಿದರು. ಸಮಾಧಾನ ಹೇಳಿದರು. ಆಮೇಲೆ ಮೆಲ್ಲಗೆ ಹೇಳಿದರು. ಕಾರ್ಖಾನೆಯಲ್ಲಿ ಇನ್ನೂ ಒಂದು ತಿಂಗಳು ಬಾಕಿ ಇದೆ. ಈ ವಾರ ಹೋದರೆ ತಪ್ಪಿದ ದಿನಗಳನ್ನು ರಜೆ ಎಂದು ಹಿಡಿಯುತ್ತಾರೆ. ದಾಟಿದರೆ ಮುಂದಿನ ವರ್ಷದ ಹುಡುಗರ ಜೊತೆ ಕಾರ್ಖಾನೆಯ ಕಾಲವನ್ನೆಲ್ಲ ಮೊದಲಿನಿಂದ ಮಾಡಬೇಕು.

“ನಾ ಹೋಗಂಗಿಲ್ಲ” ಅಂದಳು ಮಗಳು. “ಕುರಿ ನೋಡು ಅಂದಾನ ಅಪ್ಪ.”

“ನನಗ ಅಂದಾನ.”

“ನಂದ ಕಾರಣ ಯವ್ವಾ. ನಾ ಅಲ್ಲಿ ಇರದಿದ್ರ ಅಪ್ಪ ಊರಿಗೆ ಬರ್ತಿದ್ದ.”

“ಹೌದು. ಬರ್ತಿದ್ದ.”

ಸುಳ್ಳು ಹೇಳಲು ನನಗೆ ಆಗಲಿಲ್ಲ. ಅವಳು ಗೋಡೆಗೆ ತಲೆ ಇಟ್ಟಳು. ಇಂಥ ಹೊತ್ತಿನಲ್ಲಿ ತಾಯಿ ತಬ್ಬಿಕೊಳ್ಳಬೇಕು. ನಾನು ಹೇಳುವುದನ್ನು ಹೇಳಿದೆ.

“ಹತ್ತು ವರ್ಷ ನಿಮ್ಮಪ್ಪ ತನ್ನ ರೊಟ್ಟಿ ತಾ ಬಡ್ಕೊಂಡ. ಹತ್ತು ವರ್ಷ ನಾ ಇಲ್ಲಿ ಕುಂತೆ. ಯಾವ ಸಲುವಾಗಿ? ಒಂದು ತಿಂಗಳು ಬಾಕಿ ಇಟ್ಟು ನೀ ಮನ್ಯಾಗ ಕುಂಡ್ರಾಕ? ನಮ್ಮ ಹತ್ತು ವರ್ಷ ಎಲ್ಲಿಂದ ತಂದು ಕೊಡ್ತಿ, ಹೇಳು.”

ಅವಳು ಎದ್ದು ಚೀಲ ತುಂಬಿದಳು.

ಕಟ್ಟೆಯ ಮೇಲೆ ಉದ್ದಪ್ಪ ಕೂತಿದ್ದ. “ವೈನಿ, ದಿವಸದ ಕಾರ್ಯ ಆಗೂ ಮಟಾ ಹೊಸ್ತಿಲ ದಾಟಬಾರ್ದು. ಮಂದಿ ಏನಂದಾರು?”

“ಮಂದಿ ಬಂದು ಕುರಿ ಕಾಯ್ತಾರೇನು?”

“ಅದು ಹೌದು...”

“ನೀ ಎರಡು ದಿನ ಕಾಯಿ. ನಾ ಬಿಟ್ಟು ಬರ್ತೇನಿ.”

ನಾವು ಬಸ್‌ಸ್ಟಾಪಿಗೆ ಹೊರಟಾಗ ಅವನೇ ಹಿಂದಿನಿಂದ ಗಾಡಿ ತಂದು, “ಹತ್ರಿ ಇಬ್ಬರೂ” ಅಂದ.

ಕಣಗಲಾದ ಗೇಟಿನಲ್ಲಿ ಅದೇ ವಾಚ್‌ಮನ್ ಇದ್ದ. ನಗೆ ಮಾಡಲಿಲ್ಲ. ತನ್ನ ಕುರ್ಚಿ ನನಗೆ ಕೊಟ್ಟ. ನಾನು ಕೂಡಲಿಲ್ಲ. ಅಪ್ಪಣ್ಣ ಬಂದ.

“ಸಾಹೇಬರ, ನಾ ಏನೂ ತಂದಿಲ್ಲ” ಅಂದೆ. “ಪೋರಿನ ನಿಮ್ಮ ಕೈಯಾಗ ಬಿಟ್ಟು ಹೊಂಟೇನಿ. ಹೂಂ ಅನ್ರಿ.”

ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ.

“ಹೂಂ ರಿ ಯವ್ವಾ” ಅಂದ. ಆಮೇಲೆ ಅವಳಿಗೆ, “ಹೋಗವ್ವಾ, ಕೆಲಸದ ಅಂಗಿ ಹಾಕ್ಕೋ. ಎರಡನೇ ಲೈನಿನಾಗ ಮಂದಿ ಕಡಿಮಿ ಅದಾರ.”

ಒಂದು ಹೂಂ. ಇದರ ಸಲುವಾಗಿ ನಮ್ಮವರು ಕೆಸರಲ್ಲಿ ನಿಂತಿದ್ದರು. ಬಿಟ್ಟು ಹೋಗುವವರು ತಿರುಗಿ ನೋಡಬಾರದು. ನಾನು ನೋಡಿದೆ. ಅವಳು ಒಳಗೆ ಹೋಗಿಬಿಟ್ಟಿದ್ದಳು.

ತಿಂಗಳು ಮುಗಿಸಿ ಬಂದಳು. ಗೋಕಾಕದಲ್ಲಿ ಪರೀಕ್ಷೆ ಬರೆದಳು. ದೀಪಾವಳಿ ಆದ ಮೇಲೆ ರಿಸಲ್ಟು ಬರುವ ತನಕ ಅವಳು ಗೋಕಾಕದಲ್ಲಿ ಒಂದು ಹಾಸ್ಟೆಲಿಗೆ ಸೇರಿದಳು, ನಾನು ಹಿಂಡು ಹೊಡೆದುಕೊಂಡು ಉದ್ದಪ್ಪನ ಹಿಂದೆ ಪಡುವಣಕ್ಕೆ ಬಂದೆ. ಈ ಸಲ ಕಣಗಲಾ ಕಡೆ ಹೋಗಲಿಲ್ಲ. ಅಲ್ಲಿ ನಮ್ಮವರು ಯಾರೂ ಇಲ್ಲ.

ಒಬ್ಬಳೇ ಹಿಂಡು ನೋಡುವುದು ಆಗದ ಕೆಲಸವಲ್ಲ. ಮಾತು ಇಲ್ಲದಿರುವುದೇ ಕಷ್ಟ. ಅವರೂ ಮಾತಾಡುವವರಲ್ಲ, ಆದರೆ ಮಾತಾಡದೆ ಇರುವವರು ಒಬ್ಬರು ಇದ್ದರು. ಹತ್ತು ವರ್ಷ ಅವರು ಈ ಹೊಲಗಳಲ್ಲಿ ಹೇಗೆ ಇದ್ದರೆಂದು ನನಗೆ ಈಗ ಗೊತ್ತಾಗುತ್ತಿದೆ. ಹೇಳೋಣ ಎಂದರೆ ಅವರಿಲ್ಲ.

ಮೊನ್ನೆ ಮಧ್ಯಾಹ್ನ ಮಗಳ ಫೋನು ಬಂತು.

“ಯವ್ವಾ, ಪಾಸಾಗೇನಿ.”

“ಚಲೋ ಆತು.”

“ಬೆಳಗಾವ್ಯಾಗ ಒಂದು ಕಂಪನಿಯವರು ಕರದಾರ. ಪಗಾರ ಕೊಡ್ತಾರ. ಆದ್ರ ನೀ ಒಬ್ಬಾಕಿನ ಆಗ್ತಿ. ಹೂಂ ಅನ್ನಲೋ ಬ್ಯಾಡೋ?”

“ನಾ ಆಗ್ಲೇ ಒಬ್ಬಾಕಿ ಅದೇನಿ. ಹೂಂ ಅನ್ನು.”

ಆ ಕಡೆ ಅವಳು ಅತ್ತಳು. ನನಗೆ ಅಳಲು ಪುರಸೊತ್ತು ಸಿಗಲಿಲ್ಲ. ಕುರಿಗಳು ಬದು ದಾಟಿ ಬೇರೆಯವರ ಕಡಲೆಗೆ ನುಗ್ಗಿದ್ದವು. ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಎದುರಿನಿಂದ ಹೊಲದವನು ಕೈ ಬೀಸುತ್ತ, ನನ್ನ ಅಪ್ಪ ಅಜ್ಜನನ್ನೆಲ್ಲ ಬೈಯುತ್ತ ಬರುತ್ತಿದ್ದ. ಯಾರಿಗಾದರೂ ಹೇಳಬೇಕು ಅನಿಸಿತ್ತು. ಅವನಿಗೇ ಹೇಳಿದೆ.

“ನನ್ನ ಮಗಳು ಪಾಸಾಗ್ಯಾಳ್ರಿ.”

“ಆಂ?” ಎಂದು ನಿಂತ. ಬೈಗಳು ಅಲ್ಲಿಗೇ ನಿಂತಿತು. ಕುರಿ ನೋಡಿದ, ನನ್ನ ಮುಖ ನೋಡಿದ.

“ಆಗ್ಲಿ ಬಿಡು, ಬಾಳ ಚಲೋ ಆತು” ಅಂದ. “ಈಗ ಕುರಿ ಹಿಂದಕ ತಗೋ ಯವ್ವಾ.”

ತೆಗೆದುಕೊಂಡೆ.